ಸಂತ ಮಹಿಳೆಯೊಬ್ಬಳ ಚಿತ್ರದ ನಕಲು ಹರಾಜಿನಲ್ಲಿ ಅಷ್ಟು ದೊಡ್ಡ ಬೆಲೆಗೆ ಹೋದದ್ದು ಹೇಗೆ?

ನೀವು ಕೇಳಿರುವ ‘ಸಂತ ಪ್ರಾಕ್ಸೆಡಿಸ್’ ಚಿತ್ರವು 2014ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಶುಲ್ಕವೂ ಸೇರಿ 62,42,500 ಪೌಂಡಿಗೆ ಮಾರಾಟವಾಯಿತು. ಅದು ಇಟಲಿಯ ಫ್ಲಾರೆನ್ಸಿನ, 17ನೇ ಶತಮಾನದ ಬರೋಕ್ ಶೈಲಿಯ ಕಲಾವಿದ ಫೆಲಿಚೆ ಫಿಕೆರೆಲ್ಲಿಯ ಕೃತಿಯ ನಕಲೆಂಬುದು ನಿಜ. ಆದರೆ ನಕಲು ಮಾಡಿದವನು ಡಚ್ ಕಲಾವಿದ ಯೊಹಾನೆಸ್ ವರ್ಮೀರನೇ ಇರಬೇಕೆಂಬ ನಂಬಿಕೆಯೇ ಬೆಲೆಗೆ ಕಾರಣ. ಅವನದೆಂದು ಒಪ್ಪಿತವಾಗಿರುವ ಚಿತ್ರಗಳು ಸುಮಾರು 35 ಮಾತ್ರ, ಅವುಗಳಲ್ಲಿ ಬಹುತೇಕ ಎಲ್ಲವೂ ವಸ್ತುಸಂಗ್ರಹಾಲಯಗಳಲ್ಲಿವೆ.

ಚಿತ್ರದ ಮೇಲೆ ವರ್ಮೀರನ ಹೆಸರೆಂದು ಓದಲಾಗುವ ಸಹಿಯೂ 1655 ಎಂಬ ಇಸವಿಯೂ ಇವೆ. ಸಹಿಯನ್ನು ನಂತರ ಯಾರು ಬೇಕಾದರೂ ಸೇರಿಸಬಹುದಾದ್ದರಿಂದ, ಹರಾಜಿಗೆ ಮುನ್ನ ಬಿಳಿ ಬಣ್ಣದಲ್ಲಿರುವ ಸೀಸದ ಐಸೊಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಪರೀಕ್ಷಿಸಲಾಯಿತು. ಆ ಸೀಸವು ಇಟಲಿಯ ಚಿತ್ರಗಳದ್ದಕ್ಕಿಂತ ಡಚ್ ಚಿತ್ರಗಳದ್ದನ್ನು ಹೋಲುವುದಲ್ಲದೆ, ವರ್ಮೀರನ ಆರಂಭಕಾಲದ ‘ಡಯಾನಾ ಮತ್ತು ಸಂಗಾತಿಗಳು’ ಕೃತಿಯ ಬಣ್ಣಕ್ಕೆ ಅತಿ ನಿಕಟವಾಗಿ ಹೊಂದಿತು. ಇದರಿಂದ ಚಿತ್ರ ಎಲ್ಲಿಯದೆಂಬುದು ಬಹುಮಟ್ಟಿಗೆ ತಿಳಿಯುತ್ತದೆಯೇ ಹೊರತು ಕೈ ಯಾರದೆಂಬುದು ಸಾಬೀತಾಗುವುದಿಲ್ಲ. ಆದ್ದರಿಂದಲೇ ಕೆಲವು ವಿದ್ವಾಂಸರು ಇಂದಿಗೂ ಒಪ್ಪಿಲ್ಲ.

ನನ್ನನ್ನು ಹೆಚ್ಚು ಸೆಳೆಯುವುದು ಬೇರೊಂದು ವಿವರ. ಹುತಾತ್ಮರ ರಕ್ತವನ್ನು ಸ್ಪಂಜಿನಿಂದ ಪಾತ್ರೆಗೆ ಹಿಂಡುತ್ತಿರುವ ಸಂತ ಪ್ರಾಕ್ಸೆಡಿಸಳ ಕೈಗಳಲ್ಲಿ, ಫಿಕೆರೆಲ್ಲಿಯ ಮೂಲದಲ್ಲಿಲ್ಲದ ಶಿಲುಬೆಯೊಂದನ್ನು ಇಲ್ಲಿ ಸೇರಿಸಲಾಗಿದೆ. 1653ರಲ್ಲಿ ಕ್ಯಾಥೊಲಿಕ್ ಕುಟುಂಬದ ಹೆಣ್ಣನ್ನು ಮದುವೆಯಾದ ತರುಣ ವರ್ಮೀರನಿಗೆ ಆ ಶಿಲುಬೆ ಸಹಜವಾಗಿಯೇ ಒಪ್ಪುತ್ತದೆ. 2015ರಿಂದ ಈ ಚಿತ್ರ ಟೋಕಿಯೊದ ಪಾಶ್ಚಾತ್ಯ ಕಲೆಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ.