ಓದುಗರ ಪ್ರಶ್ನೆ, ನಮ್ಮ ಉತ್ತರ: ಬಡವರು ಬರಬಾರದೆಂದೇ ಕಟ್ಟಿದ ಬಡವರ ಮನೆ

ನನ್ನ ಮಗಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಹಿಂದಿನ ಹಳೇ ಕಟ್ಟಡದ ವಾರ್ಡಿಗೆ ಹೋಗಲಾರೆ ಅಂತ ಹಟ ಹಿಡಿದರಂತೆ. ‘ಅದು ವರ್ಕ್‌ಹೌಸ್’ ಅಂದರಂತೆ. ಏನಿದು? ಜೈಲೋ, ಅನಾಥಾಶ್ರಮವೋ? (ಕೋಡಿಬಾಗ, ಕಾರವಾರ)

ಎರಡೂ ಅಲ್ಲ, ಆದರೆ ಎರಡರ ಗುಣವೂ ಇತ್ತು. ಮಗಳಿಗೆ ಹೇಳಿ, ಆ ಅಜ್ಜಿಯದು ಸುಮ್ನೆ ಹಟ ಅಲ್ಲ.

ಇಂಗ್ಲೆಂಡಿನಲ್ಲಿ 1601ರಿಂದಲೇ ಬಡವರ ಕಾನೂನು ಅಂತ ಒಂದಿತ್ತು. ಪ್ರತಿ ಚರ್ಚಿನ ಊರು ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕು, ಅದಕ್ಕಾಗಿ ಜಮೀನು-ಮನೆ ಇದ್ದವರು ತೆರಿಗೆ ಕೊಡಬೇಕು. ಸುಮಾರು ಇನ್ನೂರು ವರ್ಷ ಹೆಚ್ಚಿನ ನೆರವು ಮನೆ ಬಾಗಿಲಿಗೇ ಬರುತ್ತಿತ್ತು: ಒಂದಿಷ್ಟು ಬ್ರೆಡ್ಡು, ಒಂದಿಷ್ಟು ದುಡ್ಡು, ಚಳಿಗಾಲಕ್ಕೆ ಸೌದೆ. ತೆರಿಗೆ ಏರುತ್ತಾ ಹೋದ ಹಾಗೆ ಕೊಡುವವರ ಗೊಣಗಾಟವೂ ಏರಿತು. ಕೊನೆಗೆ 1834ರಲ್ಲಿ ಹೊಸ ಕಾನೂನು ಬಂತು. ಊರುಗಳನ್ನೆಲ್ಲ ಗುಂಪು ಮಾಡಿ ‘ಯೂನಿಯನ್’ ಅಂತ ಕಟ್ಟಿದರು, ಒಂದೊಂದು ಯೂನಿಯನ್ನಿಗೆ ಒಂದು ದೊಡ್ಡ ವರ್ಕ್‌ಹೌಸ್. ಗಟ್ಟಿಮುಟ್ಟಾಗಿದ್ದೂ ಹೊಟ್ಟೆಗಿಲ್ಲದವನು ಇನ್ನು ಮನೆಯಲ್ಲಿ ಕೂತು ನೆರವು ಕೇಳುವ ಹಾಗಿಲ್ಲ, ಬೇಕಿದ್ದರೆ ಹೆಂಡತಿ ಮಕ್ಕಳ ಸಮೇತ ಒಳಗೆ ಬರಬೇಕು ಅನ್ನುವುದು ಆ ಕಾನೂನಿನ ಆಸೆ. ಎಲ್ಲ ಕಡೆ ಅದು ಪೂರ್ತಿ ನಡೆಯಲಿಲ್ಲ ಅನ್ನುವುದು ಬೇರೆ ಮಾತು.

ಅಸಲಿ ಸೂತ್ರ ಇಷ್ಟೇ: ಹೊರಗೆ ದುಡಿಯುವ ಅತಿ ಬಡ ಕೂಲಿಯವನ ಬದುಕಿಗಿಂತಲೂ ಒಳಗಿನ ಬದುಕು ಒಂದು ಕೈ ಕೆಳಗೇ ಇರಬೇಕು. ಆಗ ನಿಜವಾಗಿ ಗತಿಯಿಲ್ಲದವನು ಮಾತ್ರ ಬರುತ್ತಾನೆ ಅಂತ ಲೆಕ್ಕ.

ಭಯಕ್ಕೆ ಇನ್ನೂ ಗಟ್ಟಿ ಕಾರಣಗಳಿದ್ದವು. 1832ರ ಅಂಗರಚನಾ ಕಾನೂನಿನ ಪ್ರಕಾರ ವರ್ಕ್‌ಹೌಸಿನಲ್ಲಿ ಸತ್ತು, ಯಾರೂ ಕೇಳಿಕೊಂಡು ಬರದ ಹೆಣವನ್ನು ವೈದ್ಯಕೀಯ ಶಾಲೆಗೆ ಕೊಯ್ಯಲು ಕೊಡಬಹುದಿತ್ತು. ಬಡವರ ನೆರವು ಪಡೆದವನಿಗೆ ಮತದಾನದ ಹಕ್ಕಿಲ್ಲ, ಆ ಅಡ್ಡಿ ತೆಗೆದದ್ದು 1918ರಲ್ಲಿ. ಅಲ್ಲೇ ಹುಟ್ಟಿದ ಕೂಸಿನ ಜನನ ಪತ್ರದಲ್ಲಿ ‘ವರ್ಕ್‌ಹೌಸ್’ ಅಂತ ಬರೆದರೆ ಜೀವನಪೂರ್ತಿ ಕಳಂಕ ಅಂತ 1904ರಿಂದ ಬರೀ ಬೀದಿಯ ವಿಳಾಸ ಹಾಕುವ ಪದ್ಧತಿ ಬಂತು. ಸರಕಾರವೇ ನಾಚಿಕೊಂಡಿತ್ತು ಅಂದಮೇಲೆ ಜನರ ಕತೆ ಕೇಳಬೇಕೆ?

1930ರಲ್ಲಿ ಯೂನಿಯನ್ನುಗಳನ್ನು ನಡೆಸುತ್ತಿದ್ದ ಮಂಡಳಿಗಳು ಹೋದವು, 1948ರಲ್ಲಿ ಬಡವರ ಕಾನೂನೇ ಹೋಯಿತು. ಆದರೆ ಕಟ್ಟಡಗಳು ಎಲ್ಲಿ ಹೋಗುತ್ತವೆ? ಎಷ್ಟೋ ವರ್ಕ್‌ಹೌಸುಗಳು ಹಾಗೇ ಆಸ್ಪತ್ರೆಗಳಾದವು. ಹೊಸ ಬೋರ್ಡು, ಅದೇ ಗೋಡೆ. ಆ ಅಜ್ಜಿಯ ಅಮ್ಮ, ಅಜ್ಜಿ ಎಲ್ಲ ಆ ಗೋಡೆಯನ್ನು ದೂರದಿಂದ ನೋಡುತ್ತಲೇ ಬದುಕಿದವರಿರಬೇಕು.

ನಾನು ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಈ ಕಟ್ಟಡಗಳಿಗೆ ಒಂದು ನಿಶ್ಚಿತ ಪ್ಲಾನ್ ಇತ್ತಾ? (ವಿದ್ಯಾರ್ಥಿನಿ, ಶಿರಸಿ)

ಇತ್ತು ತಂಗಿ, ಅಚ್ಚು ಹಾಕಿದ ಹಾಗೆ ಇತ್ತು. ಸ್ಯಾಂಪ್ಸನ್ ಕೆಂಪ್‌ಥಾರ್ನ್ ಅನ್ನುವ ಎಳೆ ವಯಸ್ಸಿನ ವಾಸ್ತುಶಿಲ್ಪಿಯ ಮಾದರಿ ನಕ್ಷೆಗಳನ್ನು ಬಡವರ ಕಾನೂನು ಆಯೋಗ 1835ರಲ್ಲಿ ಛಾಪಿಸಿ ಹಂಚಿತು. ಅದರಲ್ಲಿ ಎರಡು ಹೆಚ್ಚು ಓಡಿದವು. ಒಂದು, ಚೌಕದೊಳಗೆ ಶಿಲುಬೆ. ಇನ್ನೊಂದು, ಆರು ಮೂಲೆಯ ಆವರಣದೊಳಗೆ ಮೂರು ತೋಳು ಚಾಚಿದ ಕಟ್ಟಡ.

ಶಿಲುಬೆಯದನ್ನೇ ಪೆನ್ಸಿಲ್ ಹಿಡಿದು ಬಿಡಿಸಿ ನೋಡು. ನಾಲ್ಕು ತೋಳು ಕೂಡುವ ನಡುಮಧ್ಯದಲ್ಲಿ ಎಂಟು ಮುಖದ ಒಂದು ಭಾಗ, ಅಲ್ಲಿ ಮೇಲ್ವಿಚಾರಕನ ಮನೆ. ತೋಳುಗಳ ನಡುವೆ ನಾಲ್ಕು ಅಂಗಳ. ಅವನು ಕೂತಲ್ಲಿಂದ ಕಿಟಕಿ ಬದಲಿಸಿದರೆ ಸಾಕು, ನಾಲ್ಕೂ ಅಂಗಳ ಕಣ್ಣಿಗೆ ಬೀಳುತ್ತವೆ. ಆದರೆ ಒಂದು ಅಂಗಳದಲ್ಲಿದ್ದವರಿಗೆ ಪಕ್ಕದ ಅಂಗಳ ಕಾಣಿಸುವುದಿಲ್ಲ. ಪ್ಲಾನಿನ ಜೀವಾಳ ಅದೇ. ಒಳಗೆ ಬಂದವರನ್ನು ಏಳು ವರ್ಗ ಮಾಡುತ್ತಿದ್ದರು: ಮುದಿ ಮತ್ತು ನಿಶ್ಶಕ್ತ ಗಂಡಸರು, ಗಟ್ಟಿ ಗಂಡಸರು, 7ರಿಂದ 15 ವರ್ಷದ ಹುಡುಗರು, ಹೆಂಗಸರಲ್ಲೂ ಹೀಗೇ ಮೂರು, ಆಮೇಲೆ 7 ವರ್ಷದ ಒಳಗಿನ ಮಕ್ಕಳು. ಗಂಡ ಒಂದು ಅಂಗಳ, ಹೆಂಡತಿ ಒಂದು ಅಂಗಳ, ಮಗ ಇನ್ನೊಂದರಲ್ಲಿ. ಗಂಡ ಹೆಂಡತಿ ಇಬ್ಬರೂ 60 ದಾಟಿದ್ದರೆ ಬೇರೆ ಮಾಡಬಾರದು ಅನ್ನುವ ನಿಯಮ ಬಂದದ್ದು 1847ರಲ್ಲಿ.

ಮುಂಭಾಗದ ಕಟ್ಟಡವನ್ನೂ ಗಮನಿಸು. ಬಾಗಿಲ ಬುಡದಲ್ಲಿ ಕಾವಲುಗಾರ, ಪಕ್ಕದಲ್ಲಿ ಹೊಸಬರ ಕೋಣೆ. ಅಲ್ಲಿ ಬಟ್ಟೆ ಬಿಚ್ಚಿಸಿ, ಸ್ನಾನ ಮಾಡಿಸಿ, ಸಮವಸ್ತ್ರ ತೊಡಿಸುತ್ತಾರೆ, ಸ್ವಂತ ಬಟ್ಟೆ ಗಂಟು ಕಟ್ಟಿ ಎತ್ತಿಡುತ್ತಾರೆ. ಮೇಲುಗಡೆ ಮಂಡಳಿಯವರ ಸಭಾಕೋಣೆ. ನೆರವು ಕೇಳಲು ಬಂದವನು ಆ ಮೇಜಿನ ಮುಂದೆ ನಿಲ್ಲಬೇಕು. ಹೊರಟು ಹೋಗಲು ಯಾರ ಅಡ್ಡಿಯೂ ಇಲ್ಲ, ತುಸು ಮುಂಚೆ ಹೇಳಿದರೆ ಸಾಕಿತ್ತು. ಜೈಲಿಗೂ ಇದಕ್ಕೂ ಕಾಗದದ ಮೇಲಿನ ವ್ಯತ್ಯಾಸ ಅಷ್ಟೇ. ಹೋಗುವುದಾದರೂ ಎಲ್ಲಿಗೆ?

ಇದಕ್ಕೂ ಮುಂಚಿನ ಉದಾಹರಣೆ ಬೇಕಿದ್ದರೆ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್ ನೋಡು, 1824ರದ್ದು. ಪಾದ್ರಿ ಜಾನ್ ಬೆಕರ್ ಅವರ ಯೋಚನೆ. 1834ರ ಕಾನೂನು ಮಾಡಿದವರಿಗೆ ಇದೊಂದು ಮಾದರಿಯಾಯಿತು. ಹೊರಗಿಂದ ಅಚ್ಚುಕಟ್ಟಾದ ಇಟ್ಟಿಗೆ ಕಟ್ಟಡ, ಯಾರಾದರೂ ಜಮೀನ್ದಾರನ ಬಂಗಲೆ ಅಂದುಕೊಳ್ಳಬೇಕು. ಒಳಗೆ ಮೆಟ್ಟಿಲೂ ಬೇರೆ ಬೇರೆ, ಗಂಡಸರೂ ಹೆಂಗಸರೂ ಹತ್ತಿಳಿಯುವಾಗ ಕೂಡ ಎದುರಾಗಬಾರದು ಅಂತ.

ಐರ್ಲೆಂಡಿನದು ಇನ್ನೂ ಒಣ ಲೆಕ್ಕ. 1838ರ ಕಾನೂನಿನ ನಂತರ ಜಾರ್ಜ್ ವಿಲ್ಕಿನ್ಸನ್ ಅನ್ನುವ ಒಬ್ಬನೇ ವಾಸ್ತುಶಿಲ್ಪಿ ಕೆಲವೇ ವರ್ಷಗಳಲ್ಲಿ 130 ವರ್ಕ್‌ಹೌಸ್ ಕಟ್ಟಿಸಿದ. ಗೋಡೆಗೆ ಗಿಲಾವು ಇಲ್ಲ, ಬರೀ ಸುಣ್ಣ. ಮಲಗಲು ಮಂಚ ಇಲ್ಲ, ನಡುವೆ ಓಡಾಡುವ ದಾರಿ ಬಿಟ್ಟು ಎರಡೂ ಬದಿಗೆ ಎತ್ತರಿಸಿದ ಹಲಗೆ, ಅದರ ಮೇಲೆ ಹುಲ್ಲಿನ ಹಾಸಿಗೆ. ಆಲೂಗಡ್ಡೆ ಬರಗಾಲ ಬಂದಾಗ ಇವು ತುಂಬಿ ತುಳುಕಿದವು. ಆಗ ಒಂದು ನಿಯಮ ತಂದರು, 1847ರಲ್ಲಿ: ಕಾಲು ಎಕರೆಗಿಂತ ಜಾಸ್ತಿ ಭೂಮಿ ಹಿಡಿದವನಿಗೆ ನೆರವಿಲ್ಲ, ಬೇಕಿದ್ದರೆ ಭೂಮಿ ಬಿಟ್ಟು ಬಾ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ನಿಮ್ಮ ಕಡೆ ಹತ್ತು ಗುಂಟೆ ಅಡಿಕೆ ತೋಟ ಇದ್ದವನನ್ನು ಯಾರಾದರೂ ಸ್ಥಿತಿವಂತ ಅಂತಾರಾ?

ಒಳಗೆ ಏನು ಕೆಲಸ ಮಾಡಿಸುತ್ತಿದ್ದರು? (ಬೇಲೇಕೇರಿ, ಅಂಕೋಲಾ)

ಕಲ್ಲು ಒಡೆಯುವುದು, ಬಟ್ಟೆ ಒಗೆಯುವುದು, ನೆಲ ಉಜ್ಜುವುದು. ನೀವು ಬಂದರಿನವರು, ನಿಮಗೆ ಗೊತ್ತಾಗುವ ಕೆಲಸ ಒಂದಿದೆ. ಹಡಗಿನ ಹಳೇ ಹಗ್ಗ, ಡಾಂಬರು ಮೆತ್ತಿ ಕಲ್ಲಿನಂತಾದದ್ದು, ಅದನ್ನು ತುಂಡು ಮಾಡಿ ಕೊಡುತ್ತಿದ್ದರು. ಅದರ ಎಳೆ ಎಳೆಯನ್ನು ಬೆರಳಲ್ಲೇ ಬಿಡಿಸಬೇಕು. ಆ ನಾರನ್ನು ಮತ್ತೆ ಡಾಂಬರಿನ ಜೊತೆ ಮರದ ಹಡಗಿನ ಹಲಗೆಗಳ ಸಂದಿಗೆ ಬಡಿದು ತುಂಬುತ್ತಿದ್ದರು, ನೀರು ಒಳಗೆ ಬರದಿರಲಿ ಅಂತ. ಸಂಜೆಯ ಹೊತ್ತಿಗೆ ಬೆರಳ ತುದಿ ಸುಲಿದು ಹೋಗುತ್ತಿತ್ತು. ಹೆಂಗಸರಿಗೂ ಮುದುಕರಿಗೂ ಇದೇ ಕೆಲಸ.

ಆಂಡೋವರ್ ಅನ್ನುವ ಊರಲ್ಲಿ ಗೊಬ್ಬರಕ್ಕಾಗಿ ಮೂಳೆ ಕುಟ್ಟಿಸುತ್ತಿದ್ದರು. ಊಟ ಎಷ್ಟು ಕಡಿಮೆ ಅಂದರೆ ಕುಟ್ಟುವವರು ಹಸಿವೆ ತಾಳದೆ ಆ ಹಳಸಿದ ಮೂಳೆಗಳ ಮಜ್ಜೆಯನ್ನೇ ಕಿತ್ತಾಡಿ ತಿನ್ನುತ್ತಿದ್ದರು. 1845ರಲ್ಲಿ ಸುದ್ದಿ ಹೊರಬಿತ್ತು, ಪಾರ್ಲಿಮೆಂಟಿನ ಸಮಿತಿ ವಿಚಾರಣೆ ಮಾಡಿತು, 1847ರಲ್ಲಿ ಹಳೇ ಆಯೋಗವನ್ನೇ ತೆಗೆದು ಬೇರೆ ಮಂಡಳಿ ಮಾಡಿದರು. ವರ್ಕ್‌ಹೌಸುಗಳು ಮಾತ್ರ ಇನ್ನೂ ಎಂಬತ್ತು ವರ್ಷ ನಡೆದವು.

ಬ್ರಿಟಿಷರು ರೈಲು, ಜೈಲು, ಕಚೇರಿ ಎಲ್ಲ ಇಲ್ಲಿ ಕಟ್ಟಿದರು. ವರ್ಕ್‌ಹೌಸ್ ಯಾಕೆ ಕಟ್ಟಲಿಲ್ಲ? (ಕುಮಟಾ)

ಕಟ್ಟಿದರು, ಆದರೆ ಬಿಳಿಯರಿಗೆ! ಕೆಲಸ ಕಳೆದುಕೊಂಡ ಹಡಗಿನವರು, ರೈಲ್ವೆಯವರು ಊರೂರು ಅಲೆದು ಬೇಡುತ್ತಿದ್ದರು. ಆಳುವ ಜಾತಿಯವನೇ ಬಜಾರಿನಲ್ಲಿ ಕೈ ಚಾಚಿದರೆ ಮರ್ಯಾದೆ ಏನಾಯಿತು ಅಂತ 1869ರಲ್ಲಿ, ಮತ್ತೆ 1874ರಲ್ಲಿ ಯುರೋಪಿಯನ್ ಅಲೆಮಾರಿಗಳ ಕಾನೂನು ಮಾಡಿದರು. ಅಂಥವರನ್ನು ಹಿಡಿದು ಮುಂಬಯಿಯಂಥ ದೊಡ್ಡ ಊರುಗಳ ಸರಕಾರಿ ವರ್ಕ್‌ಹೌಸಿನಲ್ಲಿಟ್ಟು, ಕೆಲಸ ಸಿಗದಿದ್ದರೆ ಹಡಗು ಹತ್ತಿಸಿ ಕಳಿಸುತ್ತಿದ್ದರು.

ನಮ್ಮವರಿಗೆ ಬಡವರ ಕಾನೂನನ್ನೇ ತರಲಿಲ್ಲ. ತಂದರೆ ನೆರವು ಹಕ್ಕಾಗುತ್ತದೆ ಅನ್ನುವ ಹೆದರಿಕೆ. ಬರಗಾಲದಲ್ಲಿ ನೆರವು ಹಕ್ಕು ಅಂದರೆ ನಾಳೆ ಉಳಿದ ಕಾಲದಲ್ಲೂ ಹಕ್ಕು ಅಂತಾರೆ ಎಂದು 1880ರ ಬರಗಾಲ ಆಯೋಗ ನೇರವಾಗಿಯೇ ಬರೆದಿದೆ. ಆದರೆ ವರ್ಕ್‌ಹೌಸಿನ ಬುದ್ಧಿ ಮಾತ್ರ ಹಡಗು ಹತ್ತಿ ಬಂತು. 1862ರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ನೆನಪಿರಲಿ. 1876ರಿಂದ 78ರ ಬರ ಘಟ್ಟದ ಮೇಲೆ ಧಾರವಾಡ, ಕಲಾದಗಿ ಕಡೆ ಜನರನ್ನು ಮುರಿದು ಹಾಕಿತು. ಆಗ ಸರಕಾರ ಬರಗಾಲದ ಉಸ್ತುವಾರಿಗೆ ಕಳಿಸಿದ್ದ ರಿಚರ್ಡ್ ಟೆಂಪಲ್ ಸಾಹೇಬ ನಿಗದಿ ಮಾಡಿದ ಪರಿಹಾರ ಕೂಲಿ ಇದು: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮೇಲೆ ಒಂದಾಣೆ. ಅಷ್ಟಕ್ಕೆ ಕಲ್ಲು ಮಣ್ಣು ಹೊರಬೇಕು. ಕೂಲಿ ಕಡಿಮೆ, ಕೆಲಸ ಕಷ್ಟ, ಜಾಗ ದೂರ. ಇಷ್ಟಾದರೂ ಬಂದವನೇ ನಿಜವಾದ ಹಸಿದವನು. ಸೌತ್‌ವೆಲ್‌ನ ಲೆಕ್ಕವೇ ಅಲ್ವಾ? ಮುಂಬಯಿ ಪ್ರಾಂತ್ಯದಲ್ಲಿ ಜನ ಕೆಲಸ ಬಿಟ್ಟು ಪ್ರತಿಭಟಿಸಿದರು, ಪುಣೆಯ ಸಾರ್ವಜನಿಕ ಸಭಾ ಅವರ ಪರವಾಗಿ ನಿಂತಿತು. ಮುಂದೆ 1883ರ ಬರಗಾಲ ಸಂಹಿತೆಯಲ್ಲಿ ದುಡಿಯಲಾರದವರಿಗೆ ‘ಪುವರ್‌ಹೌಸ್’ ಅನ್ನುವ ಏರ್ಪಾಡು ಸೇರಿತು. ಅವು ಬರ ಇರುವಷ್ಟು ದಿನದ ತಾತ್ಕಾಲಿಕ ಕೇಂದ್ರಗಳು. ಅದಕ್ಕೇ ನಿಮಗೆ ನೋಡಲು ಕಟ್ಟಡ ಸಿಗುವುದಿಲ್ಲ.

ಮನೆ ಕಂದಾಯದ ರಸೀದಿಯಲ್ಲಿ ‘ಭಿಕ್ಷುಕರ ಕರ’ ಅಂತ ಇದೆ. ನನ್ನಿಂದ ಯಾವ ಭಿಕ್ಷುಕನಿಗೆ ಹೋಗುತ್ತದೆ ಇದು? (ಹೊನ್ನಾವರ)

ನೇರವಾಗಿ ಯಾರ ಕೈಗೂ ಹೋಗುವುದಿಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾನೂನಿನಡಿ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ವಸೂಲಾಗುತ್ತದೆ. ಸಾವಿರ ರೂಪಾಯಿ ಕಂದಾಯಕ್ಕೆ ಮೂವತ್ತು ರೂಪಾಯಿ. ಊರಿನ ಪಂಚಾಯಿತಿ ಅಥವಾ ಪುರಸಭೆ ಎತ್ತಿಕೊಟ್ಟ ಈ ದುಡ್ಡಿನಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯಬೇಕು. ಇಂಗ್ಲೆಂಡಿನ ಆ 1601ರ ತೆರಿಗೆ ನೆನಪಾಗಲಿಲ್ವಾ?

ಇನ್ನೊಂದು ಹೋಲಿಕೆ ನನಗೆ ಹಿಡಿಸದ್ದು. ಈ ಕಾನೂನಿನಲ್ಲಿ ಬೇಡುವುದು ಅಪರಾಧ. ಬೇಡುವವರನ್ನು ಹಿಡಿದು ಕೇಂದ್ರಕ್ಕೆ ಒಯ್ಯಬಹುದು, ಅಲ್ಲೇ ಇರಿಸಿಕೊಳ್ಳಬಹುದು. ಇಂಗ್ಲಿಷ್ ವರ್ಕ್‌ಹೌಸಿನಿಂದ ಕೊನೇಪಕ್ಷ ಹೇಳಿ ಹೊರಡಬಹುದಿತ್ತು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತು ರಾಜ್ಯವೆಲ್ಲ ಗದ್ದಲವಾಗಿತ್ತು. ಕರ ಕಟ್ಟಿ, ಕಟ್ಟಲೇಬೇಕು. ಆದರೆ ನಿಮ್ಮ ಊರಿಂದ ವರ್ಷಕ್ಕೆ ಎಷ್ಟು ಎತ್ತಿದರು, ಎಷ್ಟು ಕಳಿಸಿದರು ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.

ನಮ್ಮ ಛತ್ರ, ಧರ್ಮಶಾಲೆ, ಅನ್ನದಾನ ಇವೆಲ್ಲ ಆ ವರ್ಕ್‌ಹೌಸಿಗಿಂತ ಎಷ್ಟೋ ಮೇಲು ಅಲ್ಲವೇ? (ಗೋಕರ್ಣ)

ಕಟ್ಟಡ ನೋಡಿದರೆ ಹೌದು. ಚಿರೆಕಲ್ಲಿನ ಗೋಡೆ, ಬೀದಿಗೆ ಮುಖ ಮಾಡಿದ ಜಗಲಿ, ಒಳಗೆ ಅಂಗಳ, ಬಾವಿ. ದಣಿದವನು ಯಾರನ್ನೂ ಕೇಳದೆ ಜಗಲಿಯ ಮೇಲೆ ಕೂತುಕೊಳ್ಳಬಹುದು. ಅಲ್ಲಿ ಮಂಡಳಿಯ ಮೇಜಿಲ್ಲ. ಆದರೆ ‘ಯಾರನ್ನೂ ಕೇಳದೆ’ ಅಂದೆನಲ್ಲ, ಅದು ಎಲ್ಲರಿಗೂ ಸಿಕ್ಕ ಮಾತಲ್ಲ. ಜಗಲಿವರೆಗೆ ಯಾರು, ಒಳಗೆ ಯಾರು, ಯಾರ ಪಂಕ್ತಿ ಎಲ್ಲಿ, ಬಾವಿ ಮುಟ್ಟಬಾರದವರು ಯಾರು ಅನ್ನುವುದನ್ನು ಜಾತಿ ಮೊದಲೇ ತೀರ್ಮಾನಿಸಿತ್ತು. ಕೆಂಪ್‌ಥಾರ್ನ್ ಗೋಡೆ ಕಟ್ಟಿ ಮಾಡಿದ್ದನ್ನು ನಾವು ಗೋಡೆ ಇಲ್ಲದೆಯೇ ಮಾಡಿದ್ದೆವು. ಇನ್ನು, ಛತ್ರ ಯಾತ್ರಿಕರಿಗೆ. ಮೂರು ದಿನ ಕಳೆದರೆ ದಾರಿ ನೋಡಿಕೊಳ್ಳಬೇಕು. ಮುದುಕರನ್ನು, ಕಾಯಿಲೆಯವರನ್ನು ವರ್ಷಗಟ್ಟಲೆ ಸಾಕುವ ವ್ಯವಸ್ಥೆ ಅದಲ್ಲ. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಮಿಸೆರಿಕಾರ್ಡಿಯಾ ಅನ್ನುವ ದಾನಧರ್ಮದ ಸಂಘ 16, 17ನೇ ಶತಮಾನಗಳಲ್ಲೇ ಬಡವರ ಆಸ್ಪತ್ರೆ, ವಿಧವೆಯರ ಆಶ್ರಯ ಅಂತ ನಡೆಸಿತ್ತು, ಅಲ್ಲಿನ ಪ್ರೊವೆದೋರಿಯಾ ಅನ್ನುವ ಸರಕಾರಿ ನೆರವು ಸಂಸ್ಥೆ ಇವತ್ತಿಗೂ ವೃದ್ಧಾಶ್ರಮ ನಡೆಸುತ್ತದೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಚಾರ್ಲಿ ಚಾಪ್ಲಿನ್ ವರ್ಕ್‌ಹೌಸಿನಲ್ಲಿದ್ದ ಅನ್ನುವುದು ನಿಜವೇ? ಈಗ ಅವುಗಳನ್ನು ನೋಡಲು ಸಿಗುತ್ತದೆಯೇ? (ಸದಾಶಿವಗಡ)

ನಿಜ. 1896ರಲ್ಲಿ, ಏಳು ವರ್ಷದವನಿದ್ದಾಗ, ತಾಯಿ ಮತ್ತು ಅಣ್ಣನ ಜೊತೆ ಲಂಡನ್ನಿನ ಲ್ಯಾಂಬೆತ್ ವರ್ಕ್‌ಹೌಸ್ ಸೇರಿದ್ದ. ಅಲ್ಲೂ ಮಕ್ಕಳನ್ನು ತಾಯಿಯಿಂದ ಬೇರೆ ಮಾಡಿ ಹ್ಯಾನ್‌ವೆಲ್‌ನ ಬಡಮಕ್ಕಳ ಶಾಲೆಗೆ ಕಳಿಸಿದರು. ಆ ವರ್ಕ್‌ಹೌಸಿನ ಉಳಿದ ಭಾಗದಲ್ಲಿ ಈಗ ಸಿನಿಮಾ ಮ್ಯೂಸಿಯಂ ಇದೆ. ಸೌತ್‌ವೆಲ್ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ, ಟಿಕೆಟ್ ಕೊಂಡು ಒಳಗೆ ಹೋಗಬಹುದು. ಐರ್ಲೆಂಡಿಗೆ ಹೋಗುವವರಿದ್ದರೆ ಪೋರ್ಟುಮ್ನಾ ಊರಿನ ವರ್ಕ್‌ಹೌಸ್ ನೋಡಿ. ಕೋಡಿಬಾಗದವರ ಮಗಳು ಅಲ್ಲೇ ಇರುವುದರಿಂದ, ರಜೆ ಸಿಕ್ಕಾಗ ಸೌತ್‌ವೆಲ್‌ಗೆ ಹೋಗಿ ಆ ಮೆಟ್ಟಿಲುಗಳ ಫೋಟೊ ತೆಗೆದು ಕಳಿಸಿದರೆ ಶಿರಸಿಯ ವಿದ್ಯಾರ್ಥಿನಿಗೆ ನಾವೇ ತಲುಪಿಸುತ್ತೇವೆ.