ಕಾಂಟ್ಯಾಕ್ಟ್ ಗ್ರೂಪ್ ಕಳಿಸಬೇಡಿ, ನಾನು ಕಳಿಸಿ ಕೆಟ್ಟೆ

ಅಪಾರ್ಟ್‌ಮೆಂಟ್ ಸಮಿತಿಯವರನ್ನೆಲ್ಲ ಸೇರಿಸಿ ಔಟ್‌ಲುಕ್‌ನಲ್ಲಿ (ಮೈಕ್ರೋಸಾಫ್ಟ್‌ನ ಮೇಲ್ ಸಾಫ್ಟ್‌ವೇರ್) ಮಾಡಿದ ಕಾಂಟ್ಯಾಕ್ಟ್ ಗ್ರೂಪನ್ನು, ಅಂದರೆ ಒಂದೇ ಹೆಸರಿನಡಿ ಇಟ್ಟ ಇಮೇಲ್ ಅಡ್ರೆಸ್‌ಗಳ ಪಟ್ಟಿಯನ್ನು, ಉಳಿದ ಪದಾಧಿಕಾರಿಗಳಿಗೂ ಕೊಡುವುದು ಹೇಗೆ ಅಂತ ಕೇಳಿದ್ದೀರಿ. ಕೊಡುವುದು ತುಂಬ ಸುಲಭ. ತೊಂದರೆ ಶುರುವಾಗುವುದೇ ಅಲ್ಲಿ.

2019ರಲ್ಲಿ ನಾನು ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಆಗಿದ್ದೆ. 64 ಮನೆ, ಸಮಿತಿಯಲ್ಲಿ 9 ಜನ. ಆಫೀಸಿನ ಅಭ್ಯಾಸ, ಸಂಘದ ಮೇಲ್‌ಗೂ ಔಟ್‌ಲುಕ್ಕೇ. ‘ಸಮಿತಿ’ ಅಂತ ಒಂದು ಗ್ರೂಪ್ ಮಾಡಿಟ್ಟುಕೊಂಡಿದ್ದೆ. ಖಜಾಂಚಿ ಮೇಡಂ ಒಂದು ದಿನ, "ನನಗೂ ಅದನ್ನ ಕೊಡಿ ಸರ್, ಪ್ರತಿ ಸಲ ಒಂಬತ್ತು ಅಡ್ರೆಸ್ ಹುಡುಕೋಕೆ ಆಗಲ್ಲ" ಅಂದರು. ಗ್ರೂಪ್ ತೆರೆದೆ, ‘ಫಾರ್ವರ್ಡ್ ಗ್ರೂಪ್’ ಒತ್ತಿದೆ, ಔಟ್‌ಲುಕ್ ಕಾಂಟ್ಯಾಕ್ಟ್ ಆಗಿ ಕಳಿಸಿದೆ. ಅವರು ಆ ಅಟ್ಯಾಚ್‌ಮೆಂಟನ್ನು ತಮ್ಮ ಕಾಂಟ್ಯಾಕ್ಟ್ಸ್‌ಗೆ ಎಳೆದು ಹಾಕಿಕೊಂಡರು. ಎರಡು ನಿಮಿಷದ ಕೆಲಸ. ಇಬ್ಬರಿಗೂ ಖುಷಿ.

ಕೆಲವು ತಿಂಗಳಾದ ಮೇಲೆ ಕಟ್ಟಡಕ್ಕೆ ಬಣ್ಣ ಹೊಡೆಸುವ ಮಾತು ಬಂತು. ಸಮಿತಿಯ ಒಬ್ಬರ ಬಾಮೈದ ಪೇಂಟಿಂಗ್ ಕಂಟ್ರಾಕ್ಟರ್. ಅವನೂ ಕೊಟೇಶನ್ ಕೊಡುತ್ತಾನೆ ಅಂತ ಅವರು ಮರ್ಯಾದೆಯಾಗಿ ಸಮಿತಿ ಬಿಟ್ಟರು. ನಾನು ಅವತ್ತೇ ಗ್ರೂಪಿನಿಂದ ಅವರ ಹೆಸರು ತೆಗೆದೆ. ಎಷ್ಟು ಚುರುಕಾಗಿದ್ದೇನೆ ಅಂತ ನನಗೇ ಹೆಮ್ಮೆ.

ಮೇಡಂ ಮೂರು ಕೊಟೇಶನ್‌ಗಳ ಹೋಲಿಕೆ ಪಟ್ಟಿ ಮಾಡಿ ‘ಸಮಿತಿ’ಗೆ ಕಳಿಸಿದರು. ಮಾರನೇ ದಿನ ಬಾಮೈದನಿಂದ ಹೊಸ ಕೊಟೇಶನ್ ಬಂತು. ಎಲ್ಲರಿಗಿಂತ ಕಡಿಮೆ ಇದ್ದವರಿಗಿಂತ ಸರಿಯಾಗಿ 5,000 ರೂಪಾಯಿ ಕಡಿಮೆ!

ಯಾಕೆ ಹೀಗಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಷ್ಟು ಅರ್ಥವಾದರೆ ಸಾಕು. ನಾನು ಕಳಿಸಿದ್ದು ಗ್ರೂಪ್ ಅಲ್ಲ, ಗ್ರೂಪಿನ ಜೆರಾಕ್ಸ್. ಮೂಲ ಪತ್ರದಲ್ಲಿ ಒಂದು ಹೆಸರು ಹೊಡೆದು ಹಾಕಿದರೆ ಜೆರಾಕ್ಸ್ ಪ್ರತಿಯಲ್ಲಿ ಅದು ಹೋಗುತ್ತದಾ? ಇಲ್ಲ. ನನ್ನ ‘ಸಮಿತಿ’ಯಲ್ಲಿ 8 ಜನ, ಮೇಡಂ ‘ಸಮಿತಿ’ಯಲ್ಲಿ 9 ಜನ. ಸಮಿತಿ ಬಿಟ್ಟವರಿಗೂ ಹೋಲಿಕೆ ಪಟ್ಟಿ ಹೋಗಿಬಿಟ್ಟಿತ್ತು. ಹೆಸರು ಒಂದೇ, ಒಳಗಿನ ಜನ ಬೇರೆ. ಮೇಲ್ ಕಳಿಸುವಾಗ ‘ಟು’ ಜಾಗದಲ್ಲಿ ಕಾಣುವುದು ‘ಸಮಿತಿ’ ಅನ್ನೋ ಒಂದೇ ಪದ. ಪಕ್ಕದ ಪ್ಲಸ್ ಗುರುತು ಒತ್ತಿದರೆ ಹೆಸರೆಲ್ಲ ಬಿಚ್ಚಿಕೊಳ್ಳುತ್ತದೆ, ಆದರೆ ಅದನ್ನು ಯಾರು ಒತ್ತುತ್ತಾರೆ? ನಮ್ಮದೇ ಕಂಪ್ಯೂಟರಿನಲ್ಲೂ ಇದೇ ಕಥೆ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ (ಕಂಪ್ಯೂಟರಿನ ಹಳೆಯ ಆವೃತ್ತಿ) ಯಾರದ್ದಾದರೂ ಅಡ್ರೆಸ್ ಕಾಂಟ್ಯಾಕ್ಟ್‌ನಲ್ಲಿ ಬದಲಾಯಿಸಿದರೆ, ಗ್ರೂಪ್ ತೆರೆದು ‘ಅಪ್‌ಡೇಟ್ ನೌ’ ಒತ್ತುವವರೆಗೂ ಅಲ್ಲಿ ಹಳೆಯದೇ ಇರುತ್ತದೆ.

ಸಾಮಾನ್ಯ ಸಭೆಯಲ್ಲಿ ಎಲ್ಲರೂ ಮೇಡಂ ಮೇಲೆ ಬಿದ್ದರು. ಬೇಕಂತಲೇ ಕಳಿಸಿದ್ದಾರೆ ಅಂತ ಒಬ್ಬರು ಮುಖಕ್ಕೇ ಹೇಳಿದರು. ತಪ್ಪು ನನ್ನದು ಅಂತ ನಾನು ಬಾಯಿ ಬಿಟ್ಟಿದ್ದು ಎರಡು ದಿನ ಆದ ಮೇಲೆ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ‘ಹೇಗೆ ಹಂಚಲಿ’ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಪಟ್ಟಿಯನ್ನು ಹಂಚಬೇಡಿ, ಒಂದು ಅಡ್ರೆಸ್ ಹಂಚಿ. ಗೂಗಲ್ ಗ್ರೂಪ್ಸ್‌ನಲ್ಲಿ ಸಮಿತಿಗೆ ಅಂತಲೇ ಒಂದು ಇಮೇಲ್ ವಿಳಾಸ ಮಾಡಿಕೊಳ್ಳಿ. ದುಡ್ಡು ಬೇಡ. ಎಲ್ಲರೂ ಅದೊಂದಕ್ಕೇ ಮೇಲ್ ಕಳಿಸುತ್ತಾರೆ. ಸದಸ್ಯರ ಪಟ್ಟಿ ಒಂದೇ ಕಡೆ ಇರುತ್ತದೆ, ಅಲ್ಲಿ ಒಬ್ಬರನ್ನು ತೆಗೆದರೆ ಮುಂದಿನ ಮೇಲ್‌ನಿಂದ ಅವರಿಗೆ ಬಂದ್. ಔಟ್‌ಲುಕ್ ಬಿಡಬೇಕು ಅಂತೇನಿಲ್ಲ, ಅಲ್ಲಿಂದಲೇ ಈ ಅಡ್ರೆಸ್‌ಗೆ ಕಳಿಸಬಹುದು. ಶುರುವಿನಲ್ಲೇ ಯಾರು ಸೇರಬಹುದು, ಯಾರು ಮೇಲ್ ಹಾಕಬಹುದು, ಯಾರು ಓದಬಹುದು ಅನ್ನುವ ಸೆಟ್ಟಿಂಗ್ ನೋಡಿಕೊಳ್ಳಿ, ಸೇರುವುದು ನೀವು ಕರೆದವರಿಗೆ ಮಾತ್ರ, ಮೇಲ್ ಹಾಕುವುದು, ಓದುವುದು ಸದಸ್ಯರಿಗೆ ಮಾತ್ರ ಅಂತ ಇಡಿ. ನೀವೊಬ್ಬರೇ ಓನರ್ ಆಗಬೇಡಿ. ಕಾರ್ಯದರ್ಶಿ ಮನೆ ಮಾರಿ ಹೋದರೆ ಗ್ರೂಪ್ ಅನಾಥ.

ಸಿಎಸ್‌ವಿ ಫೈಲ್ (ಹೆಸರು, ಅಡ್ರೆಸ್‌ಗಳ ಸಾದಾ ಪಟ್ಟಿ) ಮಾಡಿ ಕೊಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಔಟ್‌ಲುಕ್‌ನಿಂದ ಸಿಎಸ್‌ವಿ ತೆಗೆದರೆ ಬಿಡಿ ಕಾಂಟ್ಯಾಕ್ಟ್‌ಗಳು ಬರುತ್ತವೆ, ಗ್ರೂಪ್ ಬರುವುದೇ ಇಲ್ಲ. ಬಂದರೂ ಅದೂ ಇನ್ನೊಂದು ಜೆರಾಕ್ಸ್, ಅಲ್ವಾ?

64 ಮನೆಗೂ ನೋಟಿಸ್ ಕಳಿಸುವುದು ಬೇರೆ ವಿಷಯ. ಅದಕ್ಕೆ ಕಾಂಟ್ಯಾಕ್ಟ್ ಗ್ರೂಪ್ ಸಾಕು, ಆದರೆ ‘ಬಿಸಿಸಿ’ಯಲ್ಲಿ (ಅಲ್ಲಿ ಹಾಕಿದ ಅಡ್ರೆಸ್ ಬೇರೆಯವರಿಗೆ ಕಾಣುವುದಿಲ್ಲ) ಹಾಕಿ. ‘ಟು’ನಲ್ಲಿ ಹಾಕಿದರೆ ಎಲ್ಲರ ಅಡ್ರೆಸ್ ಎಲ್ಲರಿಗೂ ಕಾಣುತ್ತದೆ, ನೀರಿನ ಟ್ಯಾಂಕರ್ ಬಗ್ಗೆ ಒಬ್ಬರು ‘ರಿಪ್ಲೈ ಆಲ್’ ಒತ್ತಿದರೆ ಆಮೇಲೆ ದೇವರೇ ಗತಿ.

ಅಂದ ಹಾಗೆ ನಮ್ಮ ಈಗಿನ ಗ್ರೂಪಿಗೆ ಎರಡನೇ ಓನರ್ ಮೇಡಂ ಅವರೇ. ನನ್ನ ಅವಧಿ ಮುಗಿದ ದಿನ ನನ್ನ ಹೆಸರು ತೆಗೆದವರೂ ಅವರೇ, ಅದೂ ನಾನು ಸಭೆಯಿಂದ ಮನೆಗೆ ತಲುಪುವ ಮೊದಲೇ.