ಪ್ರದೇಶ ಅಧ್ಯಯನಕ್ಕೆ ಹೊರಡುವ ಮುಂಚೆ ಕ್ಷೇತ್ರಕಾರ್ಯ ಕಲಿಯುವುದು ಹೇಗೆ?

ಕ್ಷೇತ್ರಕಾರ್ಯ, ಅಂದರೆ ಜನರ ನಡುವೆಯೇ ಇದ್ದು ಮಾಡುವ ಅಧ್ಯಯನ, ಕಲಿಯುವಾಗ ವಿಧಾನ ಮೊದಲೋ ನೈತಿಕತೆ ಮೊದಲೋ ಎಂದು ಕೇಳಿದ್ದೀರಿ. ಎರಡನ್ನೂ ಒಟ್ಟಿಗೇ ಕಲಿಯಬೇಕು. ಅದಕ್ಕೂ ಮುಂಚೆ ಅಲ್ಲಿನ ಭಾಷೆ ಕಲಿಯಿರಿ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1915–18ರ ನಡುವೆ ಈಗಿನ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಹಳ್ಳಿಯೊಳಗೇ ಡೇರೆ ಹಾಕಿ, ಅಲ್ಲಿಯವರ ಮಾತಲ್ಲೇ ಕೆಲಸ ಮಾಡಿದರು.

ಪ್ರಶ್ನೆ ಕೇಳುವುದನ್ನು ಪರಿಚಿತರ ಜೊತೆ ಅಭ್ಯಾಸ ಮಾಡಿ. 'ಸಾಲ ಇದೆಯಾ?' ಎಂದರೆ 'ಇಲ್ಲ' ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. 'ಹೋದ ಸಲ ದುಡ್ಡು ಕಡಿಮೆ ಬಿದ್ದಾಗ ಏನು ಮಾಡಿದಿರಿ?' ಎಂದು ಕೇಳಿ ನೋಡಿ, ಕಥೆಯೇ ಬಿಚ್ಚಿಕೊಳ್ಳುತ್ತದೆ. ಟಿಪ್ಪಣಿಯನ್ನು ಅದೇ ರಾತ್ರಿ ಬರೆಯಿರಿ.

ನೈತಿಕತೆಗೆ, ಜನರ ಮೇಲಿನ ಸಂಶೋಧನೆಯ ಬಗ್ಗೆ ಅಮೆರಿಕದಲ್ಲಿ ಬಂದ 1979ರ ಬೆಲ್ಮಾಂಟ್ ವರದಿ ಒಳ್ಳೆಯ ಬುನಾದಿ. ವ್ಯಕ್ತಿಗಳಿಗೆ ಗೌರವ, ಒಳಿತು, ನ್ಯಾಯ ಎಂಬ ಮೂರು ತತ್ವ ಅದರಲ್ಲಿವೆ. ಗೌರವ ಅಂದರೆ ಮಾತಾಡಿಸುವ ಮುಂಚೆ ಅವರ ಒಪ್ಪಿಗೆ ಪಡೆಯುವುದು. ಆದರೆ ಒಪ್ಪಿಗೆ ಅಂದರೆ ಸುಮ್ನೆ ಒಂದು ಸಹಿ ಅಲ್ಲ. ಕೆಲವು ಕಡೆ ಕಾಗದ ಕಂಡರೇ ಜನ ಹೆದರುತ್ತಾರೆ. ಅಂಥಲ್ಲಿ ಬಾಯಿಮಾತಿನ ಒಪ್ಪಿಗೆಗೆ ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ (ಸಂಶೋಧನೆಯನ್ನು ಪರಿಶೀಲಿಸುವ ಸಮಿತಿ) ಅನುಮತಿ ಕೇಳಬಹುದು. ಅವರು ಮಧ್ಯದಲ್ಲಿ ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ.

ಜಾಸ್ತಿ ಜನ ಎಡವುವುದು ಹೆಸರು ಮುಚ್ಚಿಡುವಲ್ಲಿ. ಹೆಸರು ಬದಲಿಸಿ 'ಹಳ್ಳಿಯ ಒಬ್ಬಳೇ ಸೂಲಗಿತ್ತಿ' ಎಂದು ಬರೆದರೆ, ಅವಳು ಯಾರೆಂದು ಇಡೀ ಹಳ್ಳಿಗೇ ಗೊತ್ತಾಗುತ್ತದೆ, ಅಲ್ವಾ? ಅಂಥ ವಿವರವನ್ನೂ ಬದಲಿಸಿ, ಇಲ್ಲವೇ ಬಿಟ್ಟುಬಿಡಿ.